ಬೆಟ್ಟ ಹತ್ತುವ ಆಸೆ, ಬೆಂಕಿ ಬೀಳುವ ಕಾಲ



ಚಳಿ ಇಳಿದಿದೆ, ಸೆಖೆ ಇನ್ನೂ ಏರಿಲ್ಲ, ಆಕಾಶ ತಿಳಿಯಾಗಿದೆ. ಶಿವರಾತ್ರಿಯಿಂದ ಯುಗಾದಿಯವರೆಗಿನ ಈ ದಿನಗಳಲ್ಲಿ ಗೆಳೆಯರು ಸೇರಿ ಯಾವುದಾದರೂ ಬೆಟ್ಟದ ತುದಿಗೆ ಹೋಗಿ ಬರುವುದು ನಮ್ಮ ಗಡಿ ಊರುಗಳಲ್ಲೂ ರೂಢಿಯಾಗಿದೆ. ವಯನಾಡಿನವರಿಗೆ ಚೆಂಬ್ರ, ಕಾಸರಗೋಡಿನವರಿಗೆ ರಾಣಿಪುರಂ, ಗಡಿ ದಾಟಿದರೆ ಕುಮಾರ ಪರ್ವತ. ನೀಲಗಿರಿಯವರಿಗೆ ಮನೆಯ ಹಿಂದೆಯೇ ಬೆಟ್ಟ. ಸೊಲ್ಲಾಪುರ, ಅಕ್ಕಲಕೋಟೆ ಕಡೆಯವರು ರಾತ್ರಿ ಬಸ್ಸು ಹಿಡಿದು ಮಹಾರಾಷ್ಟ್ರದ ಅತಿ ಎತ್ತರದ ಕಳಸೂಬಾಯಿಗೆ ಹೋಗುತ್ತಾರೆ.

ಸರಿಯಾಗಿ ಇದೇ ಹೊತ್ತಿಗೆ ಪಶ್ಚಿಮ ಘಟ್ಟದ ಹಲವು ಚಾರಣ ದಾರಿಗಳನ್ನು ಅರಣ್ಯ ಇಲಾಖೆಗಳು ಮುಚ್ಚುತ್ತವೆ. ಹವೆ ಚೆನ್ನಾಗಿರುವಾಗಲೇ ಬಾಗಿಲು ಹಾಕಿದರೆ ಹೇಗೆ ಎಂಬ ದೂರು ಸದಸ್ಯರಿಂದ ಕೇಳಿಬರುತ್ತಿದೆ. ಬಾಗಿಲು ಹಾಕುವುದು ಸರಿ, ಅದನ್ನು ಜನರಿಗೆ ತಿಳಿಸುವ ರೀತಿ ಮಾತ್ರ ಸರಿಯಿಲ್ಲ ಎಂಬುದು ನನ್ನ ಅಭಿಪ್ರಾಯ.

ಮೊದಲು 2018ರ ಮಾರ್ಚ್ 11ನ್ನು ನೆನಪಿಸಿಕೊಳ್ಳೋಣ. ತಮಿಳುನಾಡಿನ ತೇನಿ ಜಿಲ್ಲೆಯ ಕುರಂಗಣಿಯ ಮೇಲಿನ ಬೆಟ್ಟಗಳಲ್ಲಿ ಎರಡು ತಂಡಗಳು ಕಾಡ್ಗಿಚ್ಚಿನ ನಡುವೆ ಸಿಕ್ಕಿಬಿದ್ದವು. ಒಂದು ಚೆನ್ನೈನಿಂದ ಬಂದದ್ದು, ಇನ್ನೊಂದು ಈರೋಡು, ತಿರುಪ್ಪೂರು ಕಡೆಯದು. ವಾರಾಂತ್ಯಕ್ಕೆಂದು ಗೆಳೆಯರ ಜೊತೆ ಹೊರಟಿದ್ದ ಸಾಮಾನ್ಯ ಜನ, ಅವರಲ್ಲಿ ಹೆಚ್ಚಿನವರು ಕಿರಿಯರು. ವಾಯುಪಡೆಯ ಹೆಲಿಕಾಪ್ಟರ್‌ಗಳು ಬಂದವು. ಆದರೂ ಸ್ಥಳದಲ್ಲಿ ಮತ್ತು ಆಮೇಲೆ ಆಸ್ಪತ್ರೆಗಳಲ್ಲಿ ಸೇರಿ ಇಪ್ಪತ್ತಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಅವರು ನಡೆದ ದಾರಿಗೆ ಅನುಮತಿ ಇರಲಿಲ್ಲವೆಂದು ಅರಣ್ಯ ಇಲಾಖೆ ಹೇಳಿತು.

ಇಂಥ ಅನಾಹುತ ಈ ಕಾಲದಲ್ಲೇ ಆಗುವುದಕ್ಕೆ ಕಾರಣವಿದೆ. ನಮ್ಮ ಘಟ್ಟದ ತುದಿಗಳಲ್ಲಿ ಮರ ಕಡಿಮೆ, ಹುಲ್ಲು ಹೆಚ್ಚು. ಮಳೆಗಾಲದಲ್ಲಿ ಸೊಂಟದೆತ್ತರ ಬೆಳೆದ ಹುಲ್ಲು ಚಳಿಗಾಲದ ಇಬ್ಬನಿಗೆ, ಹಿಮಕ್ಕೆ ಸುಟ್ಟು ಫೆಬ್ರವರಿ ಹೊತ್ತಿಗೆ ಒಣಗಿ ನಿಂತಿರುತ್ತದೆ. ಸಾಲದ್ದಕ್ಕೆ ಬೆಂಕಿ ಇಳಿಜಾರಿನಲ್ಲಿ ಇಳಿಯುವುದಕ್ಕಿಂತ ಏರುವುದು ಬಲು ಬೇಗ. ಕೆಳಗಿನ ಉರಿಯ ಬಿಸಿ ಮೇಲಿನ ಹುಲ್ಲನ್ನು ಮೊದಲೇ ಕಾಯಿಸಿಡುತ್ತದೆ. ಹಗಲಿನಲ್ಲಿ ಗಾಳಿಯೂ ಕಣಿವೆಯಿಂದ ಮೇಲಕ್ಕೇ ಬೀಸುತ್ತದೆ. ಹೀಗಾಗಿ ತುದಿಯ ಕಡೆ ಓಡಿದವನನ್ನು ಬೆಂಕಿ ಹಿಂದಿನಿಂದ ಬಂದು ಹಿಡಿಯುತ್ತದೆ. ಬೆಂಕಿ ಹತ್ತಿಕೊಳ್ಳುವುದಂತೂ ಬಹುಪಾಲು ಮನುಷ್ಯರಿಂದಲೇ: ಒಂದು ಬೀಡಿ ತುಂಡು, ಚಹಾಕ್ಕೆ ಹೂಡಿದ ಮೂರು ಕಲ್ಲಿನ ಒಲೆ, ಅಥವಾ ಬೇಕೆಂದೇ ಇಟ್ಟ ಕಿಡಿ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಕಾಡು ಸುಟ್ಟದ್ದನ್ನು ತಾಳವಾಡಿ, ವಯನಾಡಿನ ಸದಸ್ಯರು ಮರೆತಿರಲಾರರು.

ಕುರಂಗಣಿಯ ನಂತರ ತಮಿಳುನಾಡು 2018ರಲ್ಲೇ ಚಾರಣಕ್ಕೆ ನಿಯಮಗಳನ್ನು ತಂದಿತು. 2024ರ ಅಕ್ಟೋಬರ್‌ನಲ್ಲಿ 40 ದಾರಿಗಳಿಗೆ ಆನ್‌ಲೈನ್ ನೋಂದಣಿ ಆರಂಭಿಸಿ, ಸ್ಥಳೀಯರನ್ನು ಮಾರ್ಗದರ್ಶಿಗಳನ್ನಾಗಿ ನೇಮಿಸಿತು. 2025ರಲ್ಲಿ ಫೆಬ್ರವರಿ 15ರಿಂದ ಏಪ್ರಿಲ್ 15ರವರೆಗೆ ಅವನ್ನು ಮುಚ್ಚಿತು. ಕರ್ನಾಟಕಕ್ಕೆ ಎಚ್ಚರ ತಂದದ್ದು ಜನಜಂಗುಳಿ. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರ ಪರ್ವತದ ದಾರಿ ಜಾತ್ರೆಯಂತಾದ ಚಿತ್ರಗಳನ್ನು ಎಲ್ಲರೂ ನೋಡಿದ್ದೇವೆ. ಆನ್‌ಲೈನ್ ನೋಂದಣಿ ಇಲ್ಲದ ಚಾರಣಗಳನ್ನು ಸರ್ಕಾರ ಆಗ ನಿಲ್ಲಿಸಿತು. ಅದೇ ಅಕ್ಟೋಬರ್‌ನಲ್ಲಿ 'ಅರಣ್ಯ ವಿಹಾರ' ಜಾಲತಾಣದ ಮೂಲಕ, ದಿನಕ್ಕೆ 300 ಮಂದಿಯ ಮಿತಿಯೊಂದಿಗೆ ಮತ್ತೆ ತೆರೆಯಿತು. ಕೇರಳದಲ್ಲೂ ಚೆಂಬ್ರದಂಥ ದಾರಿಗಳು ಬೇಸಿಗೆಯಲ್ಲಿ ಬೆಂಕಿಯ ಭಯಕ್ಕೆ ಮುಚ್ಚುತ್ತವೆ.

ಒಂದೊಂದು ರಾಜ್ಯದ ಮಟ್ಟಿಗೆ ಇದೆಲ್ಲ ಒಳ್ಳೆಯದೇ. ತೊಡಕು ಇರುವುದು ಗಡಿಯಲ್ಲಿ. ಬ್ರಹ್ಮಗಿರಿಯನ್ನೇ ನೋಡಿ. ಕೊಡಗಿನ ಇರ್ಪುವಿನಿಂದಲೂ ಹತ್ತಬಹುದು, ವಯನಾಡಿನ ತಿರುನೆಲ್ಲಿಯಿಂದಲೂ ಹತ್ತಬಹುದು. ಬೆಟ್ಟ ಒಂದೇ, ಇಲಾಖೆ ಎರಡು. ಈ ಕಡೆಯ ಚೀಟಿ ಆ ಕಡೆ ನಡೆಯುವುದಿಲ್ಲ. ಮುಚ್ಚುವ ದಿನ, ತೆರೆಯುವ ದಿನ ಎರಡೂ ಕಡೆ ಒಂದೇ ಆಗಿರಬೇಕೆಂದಿಲ್ಲ. ಬೆಂಕಿಗಾದರೋ ಗಡಿಕಲ್ಲು ಕಾಣುವುದಿಲ್ಲ.

ಭಾಷೆಯ ಪ್ರಶ್ನೆ ಬರುವುದೂ ಇಲ್ಲೇ. ನೀಲಗಿರಿಯ 2637 ಮೀಟರ್ ಎತ್ತರದ ಶಿಖರಕ್ಕೆ ದೊಡ್ಡಬೆಟ್ಟ ಎಂದು ಹೆಸರು. ಕನ್ನಡಕ್ಕೂ ಬಡಗರ ಮಾತಿಗೂ ಸೇರಿದ ಹೆಸರದು. ಬೆಟ್ಟದ ಹೆಸರು ನಮ್ಮದಾದರೂ ಬೆಂಕಿಯ ಎಚ್ಚರಿಕೆ ನಮಗೆ ಓದಲು ಬರುವ ಲಿಪಿಯಲ್ಲಿ ಇಲ್ಲದಿದ್ದರೆ ಏನು ಪ್ರಯೋಜನ? ಅಂಗಡಿಯ ಫಲಕ ಕನ್ನಡದಲ್ಲಿ ಇರಲಿ ಎಂದು ಕೇಳುವುದು ಅಭಿಮಾನದ ಮಾತು. 'ಮುಂದೆ ಬೆಂಕಿಯ ಅಪಾಯ, ಹೋಗಬೇಡಿ' ಎಂಬುದು ಕನ್ನಡದಲ್ಲಿ ಇರಲಿ ಎಂದು ಕೇಳುವುದು ಜೀವದ ಮಾತು. ನಾವು ಕೇಳುವ ನ್ಯಾಯ ಬೇರೆಯವರಿಗೂ ಸಲ್ಲಬೇಕು. ಕುಮಾರ ಪರ್ವತಕ್ಕೆ ಬರುವ ಮಲಯಾಳಿ, ತಮಿಳು ಯುವಕರಿಗೂ ಅವರ ಮಾತಿನಲ್ಲಿ ಎಚ್ಚರಿಕೆ ಸಿಗಲಿ.

ಮುಚ್ಚುವುದರಿಂದ ಬೆಂಕಿ ನಿಲ್ಲುವುದಿಲ್ಲ, ಮಾರ್ಗದರ್ಶಿಗಳ ಕೂಲಿ ಮಾತ್ರ ನಿಲ್ಲುತ್ತದೆ ಎಂದು ಕೆಲವರು ವಾದಿಸುತ್ತಾರೆ. ಇದರಲ್ಲಿ ಅರ್ಧ ನಿಜವಿದೆ. ಬೆಂಕಿ ಇಡುವವರು ಚಾರಣಿಗರು ಮಾತ್ರ ಅಲ್ಲ. ಆದರೆ ಬೆಂಕಿ ಬಿದ್ದಾಗ ದಾರಿ ಗೊತ್ತಿಲ್ಲದೆ ನಡುಗುಡ್ಡದಲ್ಲಿ ಸಿಕ್ಕಿಕೊಳ್ಳುವವರು ಚಾರಣಿಗರೇ. ಕೂಲಿಯ ಮಾತಿಗೆ ಉತ್ತರ ಇಲಾಖೆಯ ಬಳಿಯೇ ಇದೆ. ಬೇಸಿಗೆಯಲ್ಲಿ ಬೆಂಕಿ ಕಾವಲಿಗೆ ಜನ ಬೇಕೇ ಬೇಕು. ಆ ಕೆಲಸವನ್ನು ಮೊದಲು ಈ ಮಾರ್ಗದರ್ಶಿಗಳಿಗೆ ಕೊಟ್ಟರೆ ಕಾಡನ್ನು ಬಲ್ಲವರೇ ಕಾಡು ಕಾದಂತಾಗುತ್ತದೆ.

ನಮ್ಮ ಕೈಯಲ್ಲಿರುವುದನ್ನು ನಾವು ಮಾಡೋಣ. ಎಲ್ಲ ಊರುಗಳ ಘಟಕಗಳ ಮುಂದೆ ಈ ಸಲಹೆಗಳನ್ನು ಇಡುತ್ತಿದ್ದೇನೆ.

1. ಫೆಬ್ರವರಿ ನಡುವಿನಿಂದ ಮಳೆ ಬೀಳುವವರೆಗೆ ಹುಲ್ಲುಬೆಟ್ಟಗಳಿಗೆ ಸಂಘದ ಹೆಸರಿನಲ್ಲಿ ಪ್ರವಾಸ ಬೇಡ. ನವೆಂಬರಿನಿಂದ ಜನವರಿಯೊಳಗೆ ಇಟ್ಟುಕೊಳ್ಳೋಣ.

2. ಬೆಟ್ಟ ಹತ್ತಲೇಬೇಕೆಂಬ ಆಸೆ ಇದ್ದರೆ ಈಗ ಆದವಾನಿ, ರಾಯದುರ್ಗ, ಮಡಕಶಿರಾದ ಕೋಟೆಬೆಟ್ಟಗಳಿವೆ. ಬಂಡೆಯ ಬೆಟ್ಟಗಳು, ಬೆಳಗಿನ ಜಾವ ಹತ್ತಿ ಬಿಸಿಲೇರುವ ಮುಂಚೆ ಇಳಿಯಬಹುದು. ಅಲ್ಲಿನ ಸದಸ್ಯರು ಉಳಿದವರನ್ನು ಕರೆದರೆ ಸಂತೋಷ. ಅಲ್ಲೂ ಬೆಂಕಿಪೆಟ್ಟಿಗೆ ಜೇಬಿನಲ್ಲಿ ಬೇಡ.

3. ಅನುಮತಿ ಚೀಟಿಯಲ್ಲಿ ಯಾವ ದಾರಿ ಬರೆದಿದೆಯೋ ಅದೇ ದಾರಿ. 'ಇಲ್ಲೇ ಸ್ವಲ್ಪ ಆಚೆ' ಎನ್ನುವ ಗೆಳೆಯನ ಮಾತು ಕೇಳಬೇಡಿ.

4. ಎಚ್ಚರಿಕೆ ಫಲಕ ಮತ್ತು ಮುಚ್ಚುವ ದಿನಾಂಕಗಳು ಕನ್ನಡದಲ್ಲೂ ಬರಲಿ ಎಂದು ಪ್ರತಿ ಘಟಕವೂ ತನ್ನ ಜಿಲ್ಲೆಯ ಅರಣ್ಯಾಧಿಕಾರಿಗೆ ಮನವಿ ಬರೆಯಲಿ. ಕುಂದುಕೊರತೆಯ ಮನವಿಯನ್ನು ಒಕ್ಕೂಟದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕು ಸಂವಿಧಾನದ 350ನೇ ವಿಧಿಯಲ್ಲಿದೆ. ಆದ್ದರಿಂದ ಕನ್ನಡದಲ್ಲೇ ಬರೆಯಿರಿ, ಅಧಿಕಾರಿಗೆ ಅನುಕೂಲವಾಗಲೆಂದು ಸ್ಥಳೀಯ ಭಾಷೆಯ ಪ್ರತಿಯನ್ನೂ ಲಗತ್ತಿಸಿ. ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳದೆ ಕಚೇರಿಯಿಂದ ಹೊರಬರಬೇಡಿ. ಗುಮಾಸ್ತನಾಗಿ ಕಡತಗಳ ನಡುವೆ ಇದ್ದವನ ಮಾತಿದು: ಮೊಹರು ಇಲ್ಲದ ಮನವಿಗೆ ಉತ್ತರ ಬರುವುದು ಅಪರೂಪ.

ಮನವಿಯ ಕರಡು ಬೇಕಾದವರು ಸಂಘದ ಕಚೇರಿಗೆ ತಿಳಿಸಿದರೆ ಕಳುಹಿಸಿಕೊಡಲಾಗುವುದು. ನವೆಂಬರ್ ಪ್ರವಾಸಕ್ಕೆ ಯಾವ ಬೆಟ್ಟ ಎಂಬ ಸಲಹೆಗಳನ್ನೂ ಈಗಲೇ ಕೊಡಿ.

ಇಂತು,
ಕಾರ್ಯದರ್ಶಿ