ಪೋಲಿ ತಿರುಗಲಿಕ್ಕೂ ಬಂಡವಾಳ ಬೇಕಾ?

ಮಣಿಪಾಲದಲ್ಲಿ ಓದಿದ ಹೊರಗಿನ ಹುಡುಗನೊಬ್ಬ ಕೋರ್ಸ್ ಮುಗಿಸಿ, ಒಂದು ವರ್ಷ ಕಡಲಬದಿಯಲ್ಲಿ ರೂಮು ಮಾಡಿಕೊಂಡು ಸರ್ಫಿಂಗ್ ಕಲಿತರೆ ಅದಕ್ಕೆ 'ಗ್ಯಾಪ್ ಇಯರ್' ಎನ್ನುತ್ತಾರೆ. ಕಾಪುವಿನ ಹುಡುಗ ಡಿಗ್ರಿ ಮುಗಿಸಿ ಆರು ತಿಂಗಳು ಅದೇ ಹೊಯಿಗೆಯಲ್ಲಿ ಕೂತರೆ ಊರಿಡೀ ಅವನನ್ನು ಪೋಲಿ ಎನ್ನುತ್ತದೆ. ಕಡಲು ಒಂದೇ, ತೆರೆಯೂ ಒಂದೇ. ವ್ಯತ್ಯಾಸ ಇರುವುದು ಅಪ್ಪನ ಕಿಸೆಯಲ್ಲಿ.

ಸರ್ಫಿಂಗ್ ಸಿನಿಮಾಗಳ ಬಗ್ಗೆ ನಮ್ಮ ನಮ್ಮಲ್ಲೇ ಮಾತಾಡುವಾಗ ಈ ಸಿಟ್ಟು ಹೊರಗೆ ಬಂತು. ಅಮೆರಿಕದ ಬ್ರೂಸ್ ಬ್ರೌನ್ 1966ರಲ್ಲಿ ತೆರೆಗೆ ತಂದ 'ದಿ ಎಂಡ್‌ಲೆಸ್ ಸಮ್ಮರ್' ನೋಡಿ. ಇಬ್ಬರು ಗೆಳೆಯರು ಬೇಸಗೆ ಮುಗಿಯಬಾರದು ಎಂದು ಹಲಗೆ ಹಿಡಿದು ದೇಶ ದೇಶ ಸುತ್ತುತ್ತಾರೆ. ನಗು, ಗೆಳೆತನ, ನೀರು, ಅಷ್ಟೇ ಕಥೆ. ನೋಡಿದರೆ ಮನಸ್ಸು ಹಗುರಾಗುತ್ತದೆ. ಆದರೆ ಆ ಇಬ್ಬರನ್ನು "ಕೆಲಸ ಯಾವಾಗ ಮಾರಾಯಾ?" ಎಂದು ಕೇಳುವ ಮಾವ ಅದರಲ್ಲಿಲ್ಲ. ಇದ್ದಿದ್ದರೆ ಅವರು ಊರಿನ ಬಸ್‌ಸ್ಟ್ಯಾಂಡೂ ದಾಟುತ್ತಿರಲಿಲ್ಲ!

ನಮ್ಮ ಸಿನಿಮಾಗಳಿಗೆ ಬನ್ನಿ. ಪೋಲಿ ಹುಡುಗರೆಂದರೆ ನಮಗೇನೂ ಹೊಸಬರಲ್ಲ. 2014ರ ತುಳು ಸಿನಿಮಾ 'ಚಾಲಿ ಪೋಲಿಲು', ಅದರ ಹೆಸರಲ್ಲೇ ಪೋಲಿಗಳಿದ್ದಾರೆ. ಥಿಯೇಟರಿನಲ್ಲಿ ಬಿದ್ದು ಬಿದ್ದು ನಕ್ಕವರೇ ಮನೆಗೆ ಬಂದು ಮಗನಿಗೆ "ನಿನಗೆ ಬೇರೆ ಕೆಲಸ ಇಲ್ಲವಾ?" ಎಂದು ಬೈಯುತ್ತಾರೆ. ಅದೇ ವರ್ಷ ಉಡುಪಿಯವರೇ ಆದ ರಕ್ಷಿತ್ ಶೆಟ್ಟಿ 'ಉಳಿದವರು ಕಂಡಂತೆ' ಮಾಡಿ ಮಲ್ಪೆಯನ್ನು ಎಷ್ಟು ಚಂದ ತೋರಿಸಿದರು! ಆದರೆ ಅದು ಕೊಲೆಯ ಕಥೆ. 2016ರ 'ಕಿರಿಕ್ ಪಾರ್ಟಿ'ಯಲ್ಲಿ ಹುಡುಗನಿಗೆ ಬುದ್ಧಿ ಬರಲಿಕ್ಕೆ ಒಬ್ಬಳು ಹುಡುಗಿ ಸಾಯಬೇಕಾಯಿತು. ಆ ಸಿನಿಮಾ ನಮಗೂ ಇಷ್ಟವೇ. ಆದರೂ ಕೇಳುತ್ತೇವೆ: ಹುಡುಗ ಬೆಳೆಯುವುದಕ್ಕೆ ಹುಡುಗಿ ಯಾಕೆ ಬಲಿಯಾಗಬೇಕು? ಹುಡುಗಿಗೂ ಒಂದು ವರ್ಷ ಏನೂ ಮಾಡದೆ ಕಡಲ ಮುಂದೆ ಕೂರುವ ಆಸೆ ಇರಬಾರದಾ?

ಹಿರಿಯರ ಮಾತು ನಮಗೆ ಗೊತ್ತು: "ಕಡಲು ಆಡುವ ಜಾಗ ಅಲ್ಲ, ಅನ್ನ ಕೊಡುವ ತಾಯಿ." ಒಪ್ಪಿದೆವು. ಆದರೆ ತಾಯಿಯ ಮಡಿಲಲ್ಲಿ ಮಕ್ಕಳು ಆಡುವುದಿಲ್ಲವಾ? ಒಡೆದ ಹಲಗೆಯೋ, ಥರ್ಮಾಕೋಲ್ ತುಂಡೋ ಎದೆಗೆ ಒತ್ತಿಕೊಂಡು ತೆರೆಯ ಮೇಲೆ ದಡಕ್ಕೆ ಜಾರಿ ಬಂದದ್ದು ನಮ್ಮಲ್ಲೇ ಕೆಲವರಿಗೆ ನೆನಪಿದೆ. ಆಗ ಅದಕ್ಕೆ ಸರ್ಫಿಂಗ್ ಎಂಬ ಹೆಸರಾಗಲಿ ಫೀಸಾಗಲಿ ಇರಲಿಲ್ಲ. ಬೈಗುಳ ಮಾತ್ರ ಇತ್ತು.

ಕಾಪುವಿನಿಂದ ತೆಂಕಕ್ಕೆ ಹೋಗಿ ಪಡುಬಿದ್ರಿ, ಹೆಜಮಾಡಿ ದಾಟಿದರೆ ಮುಲ್ಕಿ. 'ಸರ್ಫಿಂಗ್ ಸ್ವಾಮಿ' ಎಂದೇ ಹೆಸರಾದ ಅಮೆರಿಕದ ಜ್ಯಾಕ್ ಹೆಬ್ನರ್ 2004ರಲ್ಲಿ ಮಂತ್ರ ಸರ್ಫ್ ಕ್ಲಬ್ ಶುರು ಮಾಡಿದ್ದು ಅಲ್ಲಿ. ಹಲಗೆಯ ಮೇಲೆ ನಿಂತು ಹುಟ್ಟು ಹಾಕುವ ಸ್ಟ್ಯಾಂಡ್ ಅಪ್ ಪ್ಯಾಡ್ಲಿಂಗ್‌ನಲ್ಲಿ ದೇಶಕ್ಕೇ ಹೆಸರಾದ ತನ್ವಿ ಜಗದೀಶ್ ಬೆಳೆದು ಬಂದದ್ದೂ ಅಲ್ಲಿಂದಲೇ. ಹತ್ತಿರದ ಸಸಿಹಿತ್ಲುವಿನಲ್ಲಿ 2024 ಮತ್ತು 2025ರಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ನಡೆಯಿತು, ಮೇ ಕೊನೆ, ಜೂನ್ ಮೊದಲ ದಿನಗಳಲ್ಲಿ. ಜೂನ್ 1ಕ್ಕೆ ನಮ್ಮ ಯಾಂತ್ರಿಕ ದೋಣಿಗಳು ಎರಡು ತಿಂಗಳು ದಡ ಸೇರುತ್ತವಲ್ಲ, ಸರಿಯಾಗಿ ಅದೇ ಹೊತ್ತಿಗೆ. ಅಂದರೆ ದುಡಿಮೆಯ ಕಡಲು ಬಾಗಿಲು ಹಾಕುವಾಗ ಆಟದ ಕಡಲು ಬಾಗಿಲು ತೆರೆಯಿತು. ಒಂದು ಸಿನಿಮಾಕ್ಕೆ ಇನ್ನೇನು ಬೇಕು?

"ಇಂಥ ಸಿನಿಮಾ ನೋಡಿ ಮಕ್ಕಳು ನೀರಿಗೆ ಬಿದ್ದರೆ?" ಎಂದು ಕಾರ್ಕಳದ ಕಡೆಯ ಓದುಗರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ರಜೆಯಲ್ಲಿ ನಿಮ್ಮ ಮಕ್ಕಳು ಹೇಗೂ ಕಾಪುವಿಗೆ ಬರುತ್ತಾರೆ. 1901ರ ದೀಪಸ್ತಂಭದ ಬುಡದಲ್ಲಿ ಫೋಟೋ ತೆಗೆದು, ಪ್ಯಾಂಟ್ ಮಡಚಿ ನೀರಿಗೆ ಇಳಿಯುತ್ತಾರೆ. ಹೊರಕ್ಕೆ ಎಳೆಯುವ ಸೆಳೆತಕ್ಕೆ ಸಿಕ್ಕರೆ ದಡಕ್ಕೆ ಎದುರಾಗಿ ಗುದ್ದಾಡಬಾರದು, ದಡದ ಉದ್ದಕ್ಕೆ ಅಡ್ಡ ಈಜಿ ಸೆಳೆತದಿಂದ ಹೊರಬರಬೇಕು ಎಂದು ಅವರಿಗೆ ಯಾರು ಹೇಳಿದ್ದಾರೆ? ಸರ್ಫಿಂಗ್ ಕಲಿಯುವವನು ಮೊದಲು ಕಲಿಯುವುದು ಈಜು, ತೆರೆ ಓದುವುದು, ಇವತ್ತು ಇಳಿಯಬಾರದು ಎಂದು ತಿಳಿದು ದಡದಲ್ಲೇ ನಿಲ್ಲುವುದು. ಮಳೆಗಾಲದಲ್ಲಿ ಹೊಸಬರು ಇಳಿಯಲೇಬಾರದು ಎಂದೂ ಅವನೇ ಹೇಳಿಕೊಡುತ್ತಾನೆ. ಮಕ್ಕಳನ್ನು ಕೊಲ್ಲುವುದು ಕಡಲಿನ ಗುರುತಿಲ್ಲದಿರುವುದು, ಆಟವಲ್ಲ.

ಹಾಗಾಗಿ ನಮ್ಮ ಸಿನಿಮಾದವರಿಗೆ ನೇರವಾಗಿ ಹೇಳುತ್ತೇವೆ. ಕಾಪುವಿನಲ್ಲೇ ಒಂದು ಹಗುರ ಸಿನಿಮಾ ಮಾಡಿ. ನಾಯಕ ಮೀನು ಮಾರುವ ಅಮ್ಮನ ಮಗನಾಗಿರಲಿ. ಅವನ ಜೊತೆ ಕಾರ್ಕಳದಿಂದ ಬಸ್ಸಿನಲ್ಲಿ ಬರುವ ಹುಡುಗಿಯೂ ಹಲಗೆ ಹಿಡಿಯಲಿ. ಹತ್ತು ಸಲ ಬೀಳಲಿ, ಉಪ್ಪುನೀರು ಕುಡಿಯಲಿ, ಹನ್ನೊಂದನೇ ಸಲ ನಿಲ್ಲಲಿ. ಲಾಂಗು, ಮಚ್ಚು ಬೇಡ. ಯಾರೂ ಸಾಯುವುದು ಬೇಡ. ಕೊನೆಗೆ ಅವರು ಕೆಲಸಕ್ಕೆ ಹೋಗಲಿ, ಬೊಂಬಾಯಿಗೋ ಗಲ್ಫಿಗೋ. ನಾವೂ ಹೋಗುವವರೇ. ಆದರೆ ಹೋಗುವ ಮೊದಲು ಒಂದು ಬೇಸಗೆ ಅವರದ್ದೇ ಆಗಿತ್ತು ಎಂದು ತೋರಿಸಿ.

ಅಪ್ಪ ಅಮ್ಮಂದಿರಿಗೆ ಒಂದೇ ಮಾತು. ಇಪ್ಪತ್ತೊಂದಕ್ಕೆ ಡಿಗ್ರಿ, ಇಪ್ಪತ್ತೆರಡಕ್ಕೆ ಕೆಲಸ, ಮಗಳಾದರೆ ಇಪ್ಪತ್ಮೂರಕ್ಕೆ ಮದುವೆ ಎಂದು ಲೆಕ್ಕ ಹಾಕಿ ಇಟ್ಟಿದ್ದೀರಿ. ಆ ಲೆಕ್ಕದ ನಡುವೆ ಒಂದೇ ಒಂದು ಬೇಸಗೆ ಖಾಲಿ ಬಿಡಿ. ಮನೆಯಿಂದ ಕೂಗಿದರೆ ಕೇಳುವಷ್ಟು ಹತ್ತಿರ ಕಡಲಿಟ್ಟುಕೊಂಡು, ಅದರಲ್ಲಿ ಊರಿನವರ ಮಕ್ಕಳು ಆಡುವುದನ್ನು ನಮ್ಮ ಮಕ್ಕಳು ಚರುಮುರಿ ಮಾರುತ್ತಾ ನೋಡಬೇಕಾ? ನೀವೇ ಹೇಳಿ.