ಹೋರಿಗೆ ಮೊದಲು ಪರೀಕ್ಷೆ, ಗಂಡಸಿಗೆ ಯಾಕೆ ಕೊನೆಗೆ?

ಆಕಳು ಮೂರನೇ ಸಲವೂ ಗಬ್ಬ ನಿಲ್ಲದೆ ತಿರುಗಿ ಬೆದೆಗೆ ಬಂದರೆ, 'ಕಡ್ಡಿ ಯಾವ ಹೋರೀದ್ರೀ ಡಾಕ್ಟ್ರ?' ಎಂದು ನಮ್ಮ ಉತ್ಪಾದಕರು ಕೇಳಿಯೇ ಕೇಳುತ್ತಾರೆ. ಸರಿಯಾದ ಪ್ರಶ್ನೆ. ಅದೇ ಮನೆಯ ಸೊಸೆಗೆ ಮೂರು ವರ್ಷ ಮಕ್ಕಳಾಗದಿದ್ದರೆ ಮಾತ್ರ ಮಗನ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ. ಆಕೆಯನ್ನೇ ಗದಗ, ಹುಬ್ಬಳ್ಳಿ ಎಂದು ತಿರುಗಿಸುತ್ತಾರೆ, ಹರಕೆ ಹೊರಿಸುತ್ತಾರೆ. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನ ಕೊರತೆಯೂ ಸೇರಿರುತ್ತದೆ ಎಂಬುದು ವೈದ್ಯರಿಗೆಲ್ಲ ಗೊತ್ತಿರುವ ಮಾತು.

ಹೆಸರಘಟ್ಟದ ನಂದಿನಿ ವೀರ್ಯ ಕೇಂದ್ರದಂಥ ಕಡೆ ಹೋರಿಯನ್ನು ಎಷ್ಟು ಜರಡಿ ಹಿಡಿಯುತ್ತಾರೆ ನೋಡಿ. ಕಂದು ರೋಗ, ಕ್ಷಯ ಇಲ್ಲವೆಂದು ಪರೀಕ್ಷೆಯಾಗಬೇಕು. ಹೆಪ್ಪುಗಟ್ಟಿಸಿದ ವೀರ್ಯವನ್ನು ಕರಗಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅರ್ಧದಷ್ಟಾದರೂ ವೀರ್ಯಾಣುಗಳು ಈಜುತ್ತಿರಬೇಕು. ಆಮೇಲೆಯೇ 0.25 ಮಿ.ಲೀ. ಕಡ್ಡಿ ನಿಮ್ಮೂರಿಗೆ ಬರುವುದು.

ಗಂಡಸಿನಲ್ಲಿ ವೀರ್ಯಾಣುಗಳ ಎಣಿಕೆ ಸರಿಯಿದ್ದೂ ಮಕ್ಕಳಾಗದಿರುವುದುಂಟು. ಅದಕ್ಕೊಂದು ಕಾರಣ ದೇಹದ ರೋಗನಿರೋಧಕ ಶಕ್ತಿಯೇ. ಮನೆ ಕಾಯುವ ನಾಯಿ ಚಿಕ್ಕಂದಿನಿಂದ ಕಂಡವರನ್ನು ಕಚ್ಚುವುದಿಲ್ಲ. ವೀರ್ಯಾಣು ಹುಟ್ಟುವುದು ಹುಡುಗ ಪ್ರಾಯಕ್ಕೆ ಬಂದ ಮೇಲೆ, ಅಂದರೆ ನಾಯಿ ಎಲ್ಲರ ಗುರುತು ಹಿಡಿದಾದ ಮೇಲೆ. ಅದಕ್ಕೇ ಬೀಜದೊಳಗೆ ಒಂದು ಗೋಡೆಯ ಮರೆಯಲ್ಲಿ ಅದು ಬೆಳೆಯುತ್ತದೆ. ಪೆಟ್ಟು, ಶಸ್ತ್ರಚಿಕಿತ್ಸೆ, ಸೋಂಕಿನಿಂದ ಗೋಡೆ ಒಡೆದರೆ ರಕ್ತದ ಕಾವಲುಗಾರರು ಅದನ್ನು ಹೊರಗಿನ ಶತ್ರುವೆಂದೇ ತಿಳಿಯುತ್ತಾರೆ. ಪ್ರತಿಕಾಯಗಳು ಅಂಟಿಕೊಂಡು ವೀರ್ಯಾಣುಗಳು ಒಂದಕ್ಕೊಂದು ಗಂಟುಬೀಳುತ್ತವೆ, ಈಜಲಾರವು. ವೀರ್ಯದಲ್ಲಿ ಬಿಳಿ ರಕ್ತಕಣಗಳು ಮಿ.ಲೀ.ಗೆ 10 ಲಕ್ಷ ಮೀರಿದರೂ ಉರಿಯೂತದ ಸುಳಿವೇ. ಪ್ರತಿಕಾಯ ಕಂಡ ಮಾತ್ರಕ್ಕೆ ಆಸೆ ಬಿಡಬೇಕಿಲ್ಲ. ಎಷ್ಟು ವೀರ್ಯಾಣುಗಳಿಗೆ ಅಂಟಿದೆ ಎಂಬುದು ಮುಖ್ಯ, ದಾರಿಗಳೂ ಇವೆ.

ಇದನ್ನು ಹಾಲಿನವರ ಪತ್ರಿಕೆಯಲ್ಲಿ ಬರೆಯಲು ಕಾರಣ ಕಂದು ರೋಗ. ಆಕಳು ಐದಾರು ತಿಂಗಳಿನ ಮೇಲೆ ಕಂದು ಹಾಕಿದಾಗ, ಮಾಸು ಬೀಳದಾಗ ಬರಿಗೈಯಲ್ಲಿ ಎಳೆಯುವವರು ಯಾರು? ನಮ್ಮ ಗಂಡಸರೇ. ಹಸಿ ಹಾಲು ಕುಡಿಯುವವರೂ ಇದ್ದಾರೆ. ಬಿಟ್ಟು ಬಿಟ್ಟು ಬರುವ ಜ್ವರ, ರಾತ್ರಿ ಬೆವರು, ಕೀಲು ನೋವು. ಕೆಲವರಿಗೆ ಬೀಜ ಬಾತು ನೋಯುತ್ತದೆ. ನಾಚಿಕೆಗೆ ಮುಚ್ಚಿಟ್ಟರೆ ಆ ಗೋಡೆಗೇ ಅಪಾಯ. ಮುಂಡರಗಿ ಕಡೆಯ ಒಂದು ಶಿಬಿರದಲ್ಲಿ ಎಲ್ಲರೂ ಹೋದ ಮೇಲೆ ಒಬ್ಬ ಹುಡುಗ ಉಳಿದು, 'ಸರ್, ಎರಡು ವರ್ಷದ ಹಿಂದ ನನಗೂ ಹಿಂಗ ಬಾತಿತ್ತರೀ' ಎಂದ. ಹೆಂಡತಿಗೆ ಆಗಲೇ ನಾಲ್ಕು ಕಡೆ ತೋರಿಸಿದ್ದ. ತನ್ನದು ಒಮ್ಮೆಯೂ ಇಲ್ಲ.

ವೀರ್ಯ ಪರೀಕ್ಷೆಗೆ ಸೂಜಿಯಿಲ್ಲ, ಕತ್ತರಿಯಿಲ್ಲ. 2ರಿಂದ 7 ದಿನ ಸಂಯಮದಲ್ಲಿದ್ದು ಮಾದರಿ ಕೊಟ್ಟರಾಯಿತು. ಜ್ವರ ಬಂದುಹೋಗಿದ್ದರೆ ಸುಮಾರು ಮೂರು ತಿಂಗಳು ಬಿಟ್ಟು ಮತ್ತೊಮ್ಮೆ ನೋಡಬೇಕು. ವೈದ್ಯರಿಗೆ 'ದನ ಕಟ್ಟೀವಿ' ಎಂದು ಹೇಳಲು ಮರೆಯಬೇಡಿ, ಅವರಾಗಿ ಕೇಳಲಿಕ್ಕಿಲ್ಲ.

ಕೊಟ್ಟಿಗೆಯಲ್ಲಿ 4ರಿಂದ 8 ತಿಂಗಳ ಹೆಣ್ಣುಗರುಗಳಿಗೆ ಲಸಿಕೆ ಹಾಕಿಸಿ. ಹೋರಿಗರುವಿಗೆ ಅದು ಬೇಡ. ಕಂದು ಹಾಕಿದ ಆಕಳಿಗೆ ಊರ ಹೋರಿ ಬಿಡಬೇಡಿ. ಒಕ್ಕೂಟಕ್ಕೆ ನನ್ನದೊಂದು ಬೇಡಿಕೆ: ಶಿರಹಟ್ಟಿ, ಲಕ್ಷ್ಮೇಶ್ವರದ ಮುಂದಿನ ಬರಡು ರಾಸುಗಳ ಶಿಬಿರದಲ್ಲಿ ದನದ ರಕ್ತ ತೆಗೆಯುವ ದಿನವೇ, ಪಕ್ಕದ ಕೋಣೆಯಲ್ಲಿ ಮನುಷ್ಯರ ವೈದ್ಯರೊಬ್ಬರನ್ನು ಕೂರಿಸಿ ಉತ್ಪಾದಕರ ರಕ್ತವನ್ನೂ ಕಂದು ರೋಗಕ್ಕೆ ಪರೀಕ್ಷಿಸಲಿ.