ತಾಳವಾಡಿಯ ಓದುಗ ಯಾರ ಲೆಕ್ಕದಲ್ಲಿ?

ಓದುಗನಿಗೆ ಏನು ಬೇಕೆಂದು ಊಹಿಸುವ ಕಾಲ ಮುಗಿಯಿತು, ಈಗ ಪರದೆಯೇ ಹೇಳುತ್ತದೆ ಎಂಬ ಮಾತು ಸುದ್ದಿಮನೆಗಳಲ್ಲಿ ಪ್ರಶ್ನೆಯೇ ಇಲ್ಲದೆ ಓಡಾಡುತ್ತಿದೆ. ಈ ಕ್ಷಣ ಜಾಲತಾಣದಲ್ಲಿ ಎಷ್ಟು ಜನ ಇದ್ದಾರೆ, ಯಾವ ಊರಿನವರು, ಯಾವ ಸುದ್ದಿ ತೆರೆದಿದ್ದಾರೆ ಎಂಬುದೆಲ್ಲ ಡ್ಯಾಶ್‌ಬೋರ್ಡಿನ ಮೇಲೆ ಓಡುತ್ತಿರುತ್ತದೆ. 2009ರಲ್ಲಿ ಚಾರ್ಟ್‌ಬೀಟ್ ಬಂತು, 2011ರಲ್ಲಿ ಗೂಗಲ್ ಅನಲಿಟಿಕ್ಸ್ ಕೂಡ ರಿಯಲ್ ಟೈಮ್ ವರದಿ ಕೊಡತೊಡಗಿತು. ಅಲ್ಲಿಂದ ಈಚೆಗೆ ಎಷ್ಟೋ ಕಡೆ ಮುಖಪುಟದ ಸುದ್ದಿ ಏರುವುದೂ ಇಳಿಯುವುದೂ ಆ ಅಂಕಿಯ ಅಪ್ಪಣೆಯಂತೆಯೇ. ಈ ಲೆಕ್ಕದಿಂದ ಓದುಗ ಅರ್ಥವಾಗುತ್ತಾನೆಂದು ನಾನು ನಂಬುವುದಿಲ್ಲ. ಗಡಿಯಾಚೆಯ ಕನ್ನಡಿಗನ ವಿಷಯದಲ್ಲಂತೂ ಲೆಕ್ಕವೇ ತಪ್ಪು.

ತಾಳವಾಡಿಯನ್ನೇ ನೋಡಿ. ಸತ್ಯಮಂಗಲದಿಂದ ಬಣ್ಣಾರಿ ದಾಟಿ, ದಿಂಬಂ ಘಾಟಿಯ 27 ತಿರುವುಗಳನ್ನು ಹತ್ತಿ, ಹಾಸನೂರಿನ ಕಾಡು ಕಳೆದರೆ ಸಿಗುವ ಬಯಲು ಅದು. 1956ರಲ್ಲಿ ರಾಜ್ಯಗಳನ್ನು ಮರುವಿಂಗಡಿಸಿದಾಗ ಮದ್ರಾಸ್ ರಾಜ್ಯದಲ್ಲೇ ಉಳಿಯಿತು. ಇವತ್ತು ಈರೋಡ್ ಜಿಲ್ಲೆಗೆ ಸೇರಿದ್ದರೂ ಹೆಚ್ಚಿನವರ ಮನೆಮಾತು ಕನ್ನಡ, ಹತ್ತಿರದ ಪೇಟೆ ಚಾಮರಾಜನಗರ. ಅಲ್ಲಿಯ ಅರಿಶಿನದ ಬೆಳೆಗಾರನೊಬ್ಬ ಬೆಳಿಗ್ಗೆ ಕನ್ನಡ ಪತ್ರಿಕೆಯ ಜಾಲತಾಣ ತೆರೆದನೆನ್ನಿ. ಪರದೆಗೆ ಅವನ ಊರು ಗೊತ್ತಿಲ್ಲ. ಅದು ಓದುವುದು ಐಪಿ ವಿಳಾಸವನ್ನು. ಆ ವಿಳಾಸ ಮೊಬೈಲ್ ಕಂಪನಿಯ ಜಾಲ ಎಲ್ಲಿ ಹೊರಗೆ ತೆರೆದುಕೊಳ್ಳುತ್ತದೋ ಆ ಊರನ್ನು ತೋರಿಸುತ್ತದೆ, ಅದು ಕೊಯಮತ್ತೂರೋ ಚೆನ್ನೈಯೋ ಆಗಿರಬಹುದು. ಕರ್ನಾಟಕದ ಸಿಮ್ ಇದ್ದರೆ ಬೆಂಗಳೂರು ಎಂದೂ ಬಂದೀತು. ಭಾಷೆಯನ್ನು ಅದು ತಿಳಿಯುವುದು ಫೋನಿನ ಸೆಟ್ಟಿಂಗಿನಿಂದ. ಕೊಂಡಾಗ ಇದ್ದ ಇಂಗ್ಲಿಷನ್ನು ಬದಲಿಸದವನು ಕನ್ನಡವನ್ನೇ ಓದುತ್ತಿದ್ದರೂ ಇಂಗ್ಲಿಷಿನವನು. ವಾಟ್ಸ್ಆ್ಯಪ್‌ನಲ್ಲಿ ಬಂದ ಲಿಂಕ್ ಒತ್ತಿದರೆ ಸಾಮಾನ್ಯವಾಗಿ ಎಲ್ಲಿಂದ ಬಂದನೆಂಬುದೂ ಪರದೆಗೆ ತಿಳಿಯುವುದಿಲ್ಲ. ಅಪ್ಪನಿಗೂ ಚಿಕ್ಕಪ್ಪನಿಗೂ ಅವನು ಗಟ್ಟಿಯಾಗಿ ಓದಿ ಹೇಳಿದರೆ ಮೂರು ಜನ ಸೇರಿ ಒಬ್ಬ. ಪುಟದ ಸ್ಕ್ರೀನ್‌ಶಾಟ್ ಊರೆಲ್ಲ ಹರಿದಾಡಿದರೆ ಲೆಕ್ಕಕ್ಕೆ ಯಾರೂ ಇಲ್ಲ. ಅವನು ಅರಿಶಿನದ ಧಾರಣೆ ನೋಡಲು ಬಂದವನು. ಎಂಟು ಸೆಕೆಂಡಿನಲ್ಲಿ ಬೇಕಾದದ್ದು ಸಿಕ್ಕಿತು, ಹೊರಟ. ಗೂಗಲಿನ ಈಗಿನ ವ್ಯವಸ್ಥೆಯಲ್ಲಿ ಒಂದೇ ಪುಟ ನೋಡಿ ಹತ್ತು ಸೆಕೆಂಡೂ ನಿಲ್ಲದ ಭೇಟಿಯನ್ನು ಸಾಮಾನ್ಯವಾಗಿ ತೊಡಗಿಕೊಂಡ ಭೇಟಿಯೆಂದು ಎಣಿಸುವುದಿಲ್ಲ. ಪತ್ರಿಕೆ ಅವನಿಗೆ ಮಾಡಿದ ಅತ್ಯುತ್ತಮ ಸೇವೆ ಸೋಲಿನ ಪಟ್ಟಿಗೆ ಸೇರಿತು. ಸಾಲುಗಳು ಮಿತಿ ಮೀರಿದಾಗ ಅಪರೂಪದವನ್ನೆಲ್ಲ ‘ಇತರೆ’ ಎಂದು ಒಟ್ಟುಗೂಡಿಸುವ ಏರ್ಪಾಡು ಬೇರೆ ಇದೆ. ಸಣ್ಣ ಊರುಗಳು ಕರಗಿ ಹೋಗುವುದು ಅಲ್ಲಿಯೇ.

ಎಣಿಕೆಯೇ ಬೇಡವೆಂದು ನಾನು ಹೇಳುತ್ತಿಲ್ಲ. ಚೆನ್ನಾಗಿ ಎಣಿಸುವುದು ಹೇಗೆಂಬುದಕ್ಕೆ ಉತ್ತರ ತಾಳವಾಡಿಯನ್ನು ಸುತ್ತುವರಿದ ಕಾಡಿನಲ್ಲೇ ಇದೆ. ಸತ್ಯಮಂಗಲ 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಹುಲಿಗಳ ಸಂಖ್ಯೆ ದುಪ್ಪಟ್ಟಾದುದಕ್ಕೆ 2022ರಲ್ಲಿ ಟಿಎಕ್ಸ್2 ಅಂತರರಾಷ್ಟ್ರೀಯ ಪ್ರಶಸ್ತಿಯೂ ಸಿಕ್ಕಿತು. ಒಂದು ಕಾಲದಲ್ಲಿ ನಮ್ಮ ದೇಶದಲ್ಲಿ ಹುಲಿಯನ್ನು ಎಣಿಸುತ್ತಿದ್ದುದು ನೆಲದ ಮೇಲಿನ ಹೆಜ್ಜೆಗುರುತು ನೋಡಿ. ಅದನ್ನು ಒಪ್ಪದೆ ಕೆ. ಉಲ್ಲಾಸ ಕಾರಂತರು ತೊಂಬತ್ತರ ದಶಕದ ಆರಂಭದಲ್ಲಿ ನಾಗರಹೊಳೆಯಲ್ಲಿ ಕ್ಯಾಮೆರಾ ಟ್ರ್ಯಾಪ್ ಹೂಡಿದರು. ದಾರಿಯ ಎರಡೂ ಬದಿಗೆ ಒಂದೊಂದು ಕ್ಯಾಮೆರಾ, ಏಕೆಂದರೆ ಹುಲಿಯ ಎಡ ಮಗ್ಗುಲಿನ ಪಟ್ಟೆಯೇ ಬೇರೆ, ಬಲ ಮಗ್ಗುಲಿನದೇ ಬೇರೆ. ಪಟ್ಟೆಯಿಂದ ಪ್ರತಿ ಹುಲಿಯ ಗುರುತು ಹಿಡಿದರು, ಒಮ್ಮೆ ಸಿಕ್ಕ ಹುಲಿ ಮತ್ತೆ ಎಷ್ಟು ಸಲ ಸಿಕ್ಕಿತೆಂದು ನೋಡಿದರು. ಅದರಿಂದ ಒಮ್ಮೆಯೂ ಚಿತ್ರಕ್ಕೆ ಸಿಗದೆ ಉಳಿದ ಹುಲಿಗಳು ಎಷ್ಟಿರಬಹುದೆಂದು ಅಂದಾಜು ಮಾಡಿದರು. ನನ್ನನ್ನು ಹಿಡಿದು ನಿಲ್ಲಿಸುವುದು ಈ ಕೊನೆಯ ಹೆಜ್ಜೆ. ಕ್ಯಾಮೆರಾಕ್ಕೆ ಕಾಣದ್ದೂ ಇದೆ ಎಂದು ಒಪ್ಪಿಕೊಂಡು ಹೊರಟ ವಿಜ್ಞಾನ ಅದು. ಸುದ್ದಿಮನೆಯ ಪರದೆಗೆ ಅಂಥ ಅನುಮಾನವೇ ಇಲ್ಲ. ಒಬ್ಬನೇ ಫೋನಿನಲ್ಲೂ ಕಚೇರಿಯ ಕಂಪ್ಯೂಟರಿನಲ್ಲೂ ಓದಿದರೆ ಅದು ಇಬ್ಬರೆಂದು ಎಣಿಸುವುದುಂಟು, ಮನೆಮಂದಿಯೆಲ್ಲ ಒಂದೇ ಫೋನು ಹಿಡಿದರೆ ಒಬ್ಬನೆಂದು ಬರೆದುಕೊಳ್ಳುತ್ತದೆ. ಬಾರದವನ ಬಗ್ಗೆ ಅದಕ್ಕೆ ಹೇಳಲು ಏನೂ ಇಲ್ಲ.

ನಾನು ಗೌರವಿಸುವ ಒಂದು ಆಕ್ಷೇಪವಿದೆ. ಪರದೆ ಬರುವ ಮೊದಲು ಸಂಪಾದಕರು ಓದುಗನನ್ನು ಅರಿತಿದ್ದರೇ? 1948ರಲ್ಲಿ ಹುಟ್ಟಿದ ಆಡಿಟ್ ಬ್ಯೂರೋ ಆಫ್ ಸರ್ಕ್ಯುಲೇಷನ್ಸ್ ಆರು ತಿಂಗಳಿಗೊಮ್ಮೆ ಪ್ರತಿಗಳ ಲೆಕ್ಕ ಕೊಡುತ್ತಿತ್ತು. ಅದರಾಚೆಗೆ ಇದ್ದದ್ದು ವಾಚಕರ ವಾಣಿಗೆ ಬರೆಯುವ ಕೆಲವರ ಪತ್ರಗಳು, ಸಂಪಾದಕರ ಒಡನಾಟದ ವಲಯ, ಅವರ ಜಾತಿ, ಅವರ ಬಡಾವಣೆ. ಪತ್ರ ಬರೆಯಲಾರದವನ ಬೆರಳಿಗೆ ಈಗ ಬೆಲೆ ಬಂದಿದೆ ಎನ್ನುವವರ ಮಾತಿನಲ್ಲಿ ಹುರುಳಿದೆ. 2000ದ ಜುಲೈ 30ರಂದು ವೀರಪ್ಪನ್ ರಾಜ್‌ಕುಮಾರರನ್ನು ಅಪಹರಿಸಿದ್ದು ಇದೇ ತಾಳವಾಡಿ ಸೀಮೆಯ ದೊಡ್ಡಗಾಜನೂರಿನಿಂದ. ಬಿಡುಗಡೆಯವರೆಗಿನ 108 ದಿನ ಈ ಕಾಡು ಕನ್ನಡಿಗರ ಬಾಯಲ್ಲಿತ್ತು, ಆಮೇಲೆ ಮರೆತುಹೋಯಿತು. ಆಗ ಸುದ್ದಿಮನೆಯಲ್ಲಿ ಯಾವ ಡ್ಯಾಶ್‌ಬೋರ್ಡೂ ಇರಲಿಲ್ಲ. ಹಾಗಾಗಿ ಅಬ್ಬರದ ಬೆನ್ನು ಹತ್ತುವ ಚಾಳಿಯನ್ನು ಯಂತ್ರದ ತಲೆಗೆ ಕಟ್ಟಲು ನಾನು ಸಿದ್ಧನಿಲ್ಲ. ಆದರೆ ಆಗ ಉಪಸಂಪಾದಕನೊಬ್ಬ ಎದ್ದು ಇದು ಸರಿಯಲ್ಲವೆಂದು ವಾದಿಸಬಹುದಿತ್ತು. ಈಗ ಅವನೆದುರು ಅಂಕಿ ಇಟ್ಟರೆ ಮಾತು ಮುಗಿಯಿತು. ಅಂಕಿ ಸುಳ್ಳಾಡುವುದಿಲ್ಲ ಎನ್ನುವವರು ಅದು ಹುಟ್ಟುವ ಬಗೆಯನ್ನೇ ನೋಡಿದವರಲ್ಲ.

ರಿಯಲ್ ಟೈಮ್ ಲೆಕ್ಕ ನಿಜಕ್ಕೂ ಕೆಲಸಕ್ಕೆ ಬರುವ ಹೊತ್ತೂ ಇದೆ. 2022ರ ಫೆಬ್ರವರಿಯಲ್ಲಿ ಮದ್ರಾಸ್ ಹೈಕೋರ್ಟಿನ ಆದೇಶದಂತೆ ದಿಂಬಂ ಘಾಟಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂತು, ವಾಹನಗಳಿಗೆ ಸಿಕ್ಕಿ ಕಾಡುಪ್ರಾಣಿಗಳು ಸಾಯುತ್ತಿದ್ದುದು ಕಾರಣ. ಅಂಥ ಸಂಜೆ ಒಂದು ಹಳೆಯ ಸುದ್ದಿಗೆ ಇದ್ದಕ್ಕಿದ್ದಂತೆ ಜನ ಮುಗಿಬಿದ್ದರೆ, ಯಾವ ವಾಹನಕ್ಕೆ ಎಷ್ಟು ಗಂಟೆಯವರೆಗೆ ಬಿಡುತ್ತಾರೆಂದು ಕೂಡಲೇ ತಿದ್ದಿ ಹಾಕಬಹುದು. ಪುಟ ತೆರೆಯದಿದ್ದರೆ ಸರಿಪಡಿಸಬಹುದು. ನನಗೆ ಸಿಟ್ಟು ಬರುವುದು ಅದರ ಮರುದಿನಕ್ಕೆ. ಗೆರೆ ಕೆಳಗಿಳಿಯಿತೆಂದು ಸುದ್ದಿಯನ್ನೇ ಕೈಬಿಡುತ್ತಾರಲ್ಲ, ಅದಕ್ಕೆ. ಕೋಸು ತುಂಬಿದ ಗಾಡಿಯನ್ನು ಕತ್ತಲಾಗುವ ಮುಂಚೆ ಘಾಟಿ ಇಳಿಸಬೇಕಾದವನ ತಾಪತ್ರಯ ಗೆರೆಯ ಜೊತೆ ಇಳಿಯುವುದಿಲ್ಲ. ಅವನು ಮತ್ತೆ ಬಂದು ಹುಡುಕಿದಾಗ ಹೊಸದೇನೂ ಸಿಗುವುದಿಲ್ಲ, ಆಮೇಲೆ ಬರುವುದನ್ನೇ ನಿಲ್ಲಿಸುತ್ತಾನೆ. ಅಲ್ಲಿಂದ ಓದುಗರೇ ಇಲ್ಲವೆಂದು ಪರದೆ ವರದಿ ಕೊಡುತ್ತದೆ.

ಆದ್ದರಿಂದ ಸುದ್ದಿಯ ಆಯ್ಕೆಯಲ್ಲಿ ಒಂದು ಪಾಲನ್ನಾದರೂ ಈ ಲೆಕ್ಕದ ಹೊರಗಿಡಬೇಕು. ವರ್ಷಕ್ಕೊಮ್ಮೆಯಾದರೂ ವರದಿಗಾರರು ತಾಳವಾಡಿ, ಕಾಸರಗೋಡು, ಅಕ್ಕಲಕೋಟೆ, ಮಡಕಶಿರಾಗಳಿಗೆ ಹೋಗಿ ಕೇಳಿ ಬರಬೇಕು: ಯಾರ ಫೋನಿನಲ್ಲಿ ಓದುತ್ತೀರಿ, ಯಾರಿಗೆ ಓದಿ ಹೇಳುತ್ತೀರಿ, ಹುಡುಕಿದರೂ ಸಿಗದ ಸುದ್ದಿ ಯಾವುದು? ಚಾಮರಾಜನಗರದ ವರದಿಗಾರ ತಾಳವಾಡಿಯಿಂದಲೇ ಶುರುಮಾಡಬಹುದು, ಬಸ್ಸಿನಲ್ಲಿ ಸುಮಾರು ಒಂದು ಗಂಟೆಯ ದಾರಿ.